ಕೇಳುವವರಿದ್ದಾಗ ಓದಿದ್ದು

ಮನಸ್ಸಿನೊಳಗೇ ಓದಿಕೊಳ್ಳುವುದು ನನಗೆ ತಡವಾಗಿ ರೂಢಿಯಾಯಿತು. ಗೋಕಾಕ ಫಾಲ್ಸಿನ ಗಿರಣಿ ಚಾಳಿನ ಮನೆಗಳಲ್ಲಿ ಮೆಲ್ಲಗೆ ಮಾತಾಡುವವರೇ ಕಡಿಮೆ. 1885ರಲ್ಲಿ ಕಂಪನಿಯಾಗಿ ಶುರುವಾಗಿ, ಘಟಪ್ರಭೆ ಧುಮುಕುವ ಜಾಗದಲ್ಲೇ ನೀರಿನ ಬಲ ನಂಬಿ ಎದ್ದ ಆ ಗಿರಣಿಯಲ್ಲಿ ಅಪ್ಪ ನೂಲುವ ಖಾತೆಯಲ್ಲಿದ್ದ. ಪಾಳಿ ಮುಗಿಸಿ ಬಂದ ಮೇಲೂ ಯಂತ್ರಗಳ ಸಪ್ಪಳ ಅವನ ಕಿವಿ ಬಿಡುತ್ತಿರಲಿಲ್ಲ. ಒಂದು ಮಾತನ್ನು ಎರಡು ಸಲ, ಅದೂ ಏರುದನಿಯಲ್ಲಿ ಹೇಳಬೇಕು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಹೀಗಾಗಿ ಮನೆಗೆ ಬಂದ ಪೇಪರು, ಪತ್ರ, ಪುಸ್ತಕ ಎಲ್ಲವೂ ನನ್ನ ಬಾಯಿಂದಲೇ ಅವರಿಬ್ಬರನ್ನು ಮುಟ್ಟಬೇಕಿತ್ತು. ಮುಂದೆ ಧಾರವಾಡದಲ್ಲಿ ಕಲಿತು, ಮೂಡಲಗಿಯಲ್ಲಿ ಕನ್ನಡ ಶಿಕ್ಷಕಿಯಾಗಿ, ಹುಕ್ಕೇರಿ ತಾಲೂಕಿನ ಹಳ್ಳಿಯೊಂದರ ಸೊಸೆಯಾಗಿ ಇಷ್ಟು ವರ್ಷ ಓದುತ್ತಲೇ ಬಂದಿದ್ದೇನೆ. ಆದರೂ ಒಂದು ಪುಸ್ತಕ ನನಗೆ ಏನನ್ನಿಸಿತು ಅನ್ನುವುದನ್ನು, ಅದನ್ನು ಯಾರ ಮುಂದೆ ಓದಿದೆ ಅನ್ನುವುದರಿಂದ ಬಿಡಿಸಿ ಹೇಳಲಿಕ್ಕೆ ನನಗೆ ಬರುವುದಿಲ್ಲ. ಪಕ್ಕದಲ್ಲಿ ಕೂತು ಕೇಳಿದವರ ಹೂಂಕಾರ, ಸಿಟ್ಟು, ಅಡ್ಡಪ್ರಶ್ನೆಗಳೆಲ್ಲ ನನ್ನ ಪಾಲಿಗೆ ಆ ಪುಸ್ತಕದೊಳಗೇ ಸೇರಿಕೊಂಡಿವೆ.

ಅವ್ವನಿಗೆ ಕಾದಂಬರಿ ಅಂದರೆ ಕೃಷ್ಣಮೂರ್ತಿ ಪುರಾಣಿಕರು. ನಮ್ಮ ಗೋಕಾಕದಲ್ಲೇ ಮಾಸ್ತರಿಕೆ ಮಾಡಿದವರು ಅನ್ನುವ ಅಭಿಮಾನ ಒಂದು ಕಡೆ, ಅವರ ಕಥೆಗಳು ಸಿನಿಮಾ ಆದದ್ದು ಇನ್ನೊಂದು ಕಡೆ. ‘ಧರ್ಮದೇವತೆ’ 1962ರಲ್ಲಿ ‘ಕರುಣೆಯೇ ಕುಟುಂಬದ ಕಣ್ಣು’ ಎಂದು ತೆರೆಗೆ ಬಂತು, ಮರುವರ್ಷವೇ ‘ಕುಲವಧು’. ಎರಡರಲ್ಲೂ ರಾಜಕುಮಾರ್. ಸಿನಿಮಾ ನೋಡಿದ ಮೇಲೂ ಅವ್ವನಿಗೆ ಪುಸ್ತಕವೇ ಬೇಕು, ಯಾಕೆಂದರೆ ಸಿನಿಮಾ ನಿಲ್ಲಿಸಿ ‘ಅದನ್ನ ಇನ್ನೊಮ್ಮೆ ಓದು’ ಅನ್ನಲಿಕ್ಕೆ ಬರುವುದಿಲ್ಲ. ಬಾಡಿಗೆ ಪುಸ್ತಕದಂಗಡಿಯಿಂದ ರಟ್ಟು ಕಿತ್ತ, ಎಷ್ಟೋ ಮನೆಗಳ ಒಗ್ಗರಣೆಯ ವಾಸನೆ ಹಿಡಿದ ಪ್ರತಿಯನ್ನು ತಂದುಕೊಂಡು ಸಂಜೆ ಬಾಗಿಲ ಹತ್ತಿರ ಕೂರುತ್ತಿದ್ದೆ. ಅವ್ವ ಮರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಕಥೆ ಸಲೀಸಾಗಿ ಹೋಗುವಾಗ ಜೋಳ ಮರದಲ್ಲಿ ಸರ್‍ರನೆ ಹಾರಿ ಬೀಳುತ್ತಿತ್ತು. ಅತ್ತೆ ಸೊಸೆಯ ಮೇಲೆ ಸಲ್ಲದ ಮಾತು ಹೊರಿಸುವ ಕಡೆ ಬಂದರೆ ಆ ಸದ್ದು ನಿಲ್ಲುತ್ತಿತ್ತು. ನಾನು ತಲೆಯೆತ್ತಿ ನೋಡಿದರೆ ಅವಳ ಹೆಬ್ಬೆರಳು ಒಂದೇ ಕಾಳನ್ನು ಹಿಡಿದು ತಿಕ್ಕುತ್ತಿರುತ್ತಿತ್ತು. ಪಕ್ಕದ ಮನೆಯ ಹೆಂಗಸರೂ ಒಬ್ಬೊಬ್ಬರಾಗಿ ಬಂದು ಹೊಸ್ತಿಲಲ್ಲಿ ಕೂರುತ್ತಿದ್ದರು. ಎರಡನೇ ಪಾಳಿಯ ಭೋಂಗಾ ಕೂಗಿದರೆ ಆ ಅಧ್ಯಾಯ ಅಲ್ಲಿಗೇ ನಿಲ್ಲಬೇಕು.

ಕಾಲೇಜಿಗೆ ಹೋದ ಮೇಲೆ ನನಗೆ ಆ ಕಾದಂಬರಿಗಳ ಮೇಲೆ ಸಿಟ್ಟು ಬಂತು. ಮನೆ ಉಳಿಯಬೇಕೆಂದು ಹೆಣ್ಣು ಇಷ್ಟು ಸವೆಯಬೇಕೇ, ಕೊನೆಗೆ ಎಲ್ಲರೂ ಅವಳನ್ನು ಹೊಗಳಿಬಿಟ್ಟರೆ ಆ ಸವೆತಕ್ಕೆ ಬೆಲೆ ಕೊಟ್ಟ ಹಾಗಾಯಿತೇ ಎಂದು ಕೇಳಿದೆ. ಈಗಲೂ ನನ್ನ ಅಭಿಪ್ರಾಯ ಅದೇ. ಪುರಾಣಿಕರು ಹೆಣ್ಣಿನಿಂದ ತೀರ ಹೆಚ್ಚು ಕೇಳುತ್ತಾರೆ. ಆದರೆ ಅವ್ವ ಆ ಪುಸ್ತಕಗಳಿಂದ ಎತ್ತಿಕೊಂಡದ್ದು ತಾಳ್ಮೆಯ ಪುಟಗಳನ್ನಲ್ಲ ಅನ್ನುವುದೂ ನನಗೆ ಗೊತ್ತು. ಸೊಸೆ ಒಮ್ಮೆಯಾದರೂ ಬಾಯಿಬಿಟ್ಟು ಉತ್ತರ ಕೊಡುವ ಪುಟ ಎಲ್ಲಿದೆಯೋ ಅದನ್ನು ಅವಳು ನನ್ನಿಂದ ಮತ್ತೆ ಮತ್ತೆ ಓದಿಸುತ್ತಿದ್ದಳು. ಆಮೇಲೆ ಅಜ್ಜಿಯೊಂದಿಗೆ ಜಗಳವಾದಾಗ ಅದೇ ಧಾಟಿಯಲ್ಲಿ, ಅಷ್ಟೇ ಮರ್ಯಾದೆಯಿಂದ, ಅಷ್ಟೇ ಗಟ್ಟಿಯಾಗಿ ಮಾತಾಡುತ್ತಿದ್ದಳು. ಲೇಖಕರು ಸಹನೆಯನ್ನು ಬರೆದಿದ್ದರು, ನಮ್ಮ ಮನೆಯಲ್ಲಿ ಅದು ಉತ್ತರ ಕೊಡುವ ಪಾಠವಾಗಿ ನಡೆಯಿತು. ಪುಸ್ತಕ ಬರೆದವರಿಗೂ ಕೇಳಿದವರಿಗೂ ನಡುವೆ ಹೀಗೊಂದು ವ್ಯವಹಾರ ನಡೆಯುತ್ತದೆ, ಓದಿ ಹೇಳುವವರು ಅದಕ್ಕೆ ಸಾಕ್ಷಿ.

ಅಪ್ಪನ ಲೇಖಕ ಬಸವರಾಜ ಕಟ್ಟೀಮನಿ. ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ, ಆತ್ಮಕಥೆಗೆ ‘ಕುಂದರನಾಡಿನ ಕಂದ’ ಎಂದೇ ಹೆಸರಿಟ್ಟುಕೊಂಡ ಮನುಷ್ಯ. ‘ಜ್ವಾಲಾಮುಖಿಯ ಮೇಲೆ’ ಕಾದಂಬರಿಯನ್ನು ನಾನು ಅಪ್ಪನಿಗೆ ಕೂಗಿ ಕೂಗಿ ಓದಿ ಹೇಳಿದ್ದೇನೆ. ಪತ್ರಿಕಾ ಕಚೇರಿಯೊಂದರ ಒಳಗಿನ ಸುಲಿಗೆಯ ಕಥೆ ಅದು. ಬರೆಯುವವರು, ಮೊಳೆ ಜೋಡಿಸುವವರು ಬೆವರು ಸುರಿಸುವುದು, ಹೆಸರು ಮತ್ತು ಹಣ ಇನ್ನೊಬ್ಬರ ಪಾಲಾಗುವುದು. ಪ್ರೇಮದ ಸಂಗತಿ ಬಂದಾಗ ಅಪ್ಪನಿಗೆ ಅಷ್ಟು ಆಸಕ್ತಿ ಇರುತ್ತಿರಲಿಲ್ಲ. ಕಚೇರಿಯ ಭಾಗ ಬಂದ ಕೂಡಲೇ ಮುಂದಕ್ಕೆ ಬಾಗಿ, ‘ಅವರಿಗೆ ಪಗಾರ ಎಷ್ಟಂತ?’ ‘ಯೂನಿಯನ್ ಐತೇನಂತ?’ ಎಂದು ಕೇಳುತ್ತಿದ್ದ. ಪುಸ್ತಕದಲ್ಲಿ ಉತ್ತರವಿಲ್ಲದಿದ್ದರೆ ತಾನೇ ಲೆಕ್ಕ ಹಾಕುತ್ತಿದ್ದ. ತನ್ನಂಥವನ ದುಡಿಮೆ ಕಾದಂಬರಿಯಾಗಬಲ್ಲದು ಎನ್ನುವುದು ಅವನಿಗೆ ಆ ಪುಸ್ತಕದಿಂದ ತಿಳಿಯಿತು. 1980ರಲ್ಲಿ ಬೆಳಗಾವಿಯಲ್ಲಿ ಸಾಹಿತ್ಯ ಸಮ್ಮೇಳನವಾಗಿ ಕಟ್ಟೀಮನಿಯವರೇ ಅಧ್ಯಕ್ಷರಾದಾಗ ಅಪ್ಪ ರಜೆ ಹಾಕಿ ಹೋಗಿಬಂದ. ಗದ್ದಲದಲ್ಲಿ ಭಾಷಣ ಕೇಳಿಸಿರಲಿಕ್ಕಿಲ್ಲ. ‘ನೋಡಿಬಂದೆ’ ಅಂದ, ಅಷ್ಟೇ.

‘ಜರತಾರಿ ಜಗದ್ಗುರು’ವನ್ನು ಮಾತ್ರ ನಾನು ಮನೆಯಲ್ಲಿ ಗಟ್ಟಿಯಾಗಿ ಓದಲಿಲ್ಲ. ಮಠದ ಹೆಸರಲ್ಲಿ ನಡೆಯುವ ಅನಾಚಾರವನ್ನು ಹಿಡಿದು ಜಾಡಿಸುವ ಪುಸ್ತಕ. ಅವ್ವನಿಗೆ ಮಠವೆಂದರೆ ದಾಸೋಹ, ಶ್ರಾವಣದ ಪುರಾಣ, ಬಸಿರಿನಲ್ಲಿ ಹೊತ್ತ ಹರಕೆ. ಚಾಳಿನ ಗೋಡೆ ಆಚೆಮನೆಯ ಕೆಮ್ಮನ್ನೂ ತಡೆಯುತ್ತಿರಲಿಲ್ಲ. ತುಟಿ ಅಲ್ಲಾಡಿಸದೆ, ರಾತ್ರಿ ಒಬ್ಬಳೇ ಕೂತು ಓದಿದ ಮೊದಲ ಪುಸ್ತಕ ನನಗೆ ಅದೇ. ಕಟ್ಟೀಮನಿಯವರ ವಾಕ್ಯಗಳಿಗೆ ಅವಸರವಿದೆ, ಪತ್ರಿಕೆಯವರ ಅವಸರ. ಅವರ ಜನ ಒಂದೋ ತುಳಿಯುವವರು ಇಲ್ಲವೇ ತುಳಿಸಿಕೊಂಡವರು, ನಡುವೆ ನಿಂತವರಿಗೆ ಅಲ್ಲಿ ಜಾಗ ಕಡಿಮೆ. ಇದನ್ನೆಲ್ಲ ವಿಮರ್ಶಕರು ಹೇಳಿದ್ದಾರೆ, ನನಗೂ ಹಾಗೆ ಅನ್ನಿಸಿದೆ. ಆದರೆ ಆ ಸಿಟ್ಟು ಖೊಟ್ಟಿಯಲ್ಲ. 1942ರ ಚಳವಳಿಯಲ್ಲಿ ಜೈಲು ಕಂಡವರು ‘ಮಾಡಿ ಮಡಿದವರು’ ಬರೆದಾಗ ಅಲ್ಲಿನ ಹಳ್ಳಿಯ ಹುಡುಗರ ಧೈರ್ಯವನ್ನು ಯಾರಿಂದಲೂ ಎರವಲು ತರಬೇಕಿರಲಿಲ್ಲ. ಆ ಹಳ್ಳಿಯ ಭಾಷೆ, ಮಸಾರಿ ಹೊಲ, ಗುಡ್ಡದ ಓರೆ ನನಗೆ ಗೊತ್ತಿದ್ದವೇ ಆಗಿದ್ದವು. ಗೊತ್ತಿದ್ದ ಊರು ಅಚ್ಚಾಗಿ ಬಂದಾಗ ಓದುವವಳಿಗೆ ಒಂದು ಹಕ್ಕು ಬರುತ್ತದೆ. ‘ಇಲ್ಲ, ಇಲ್ಲಿ ಹೀಂಗ ಅನ್ನೂದಿಲ್ಲ’ ಎಂದು ಲೇಖಕನ ಮುಖಕ್ಕೇ ಹೇಳುವ ಹಕ್ಕು. ನಾನು ಅದನ್ನು ಧಾರಾಳವಾಗಿ ಬಳಸಿದ್ದೇನೆ.

ಗೋಕಾಕ ಅಂದ ಕೂಡಲೇ ಹೊರಗಿನವರು ವಿ.ಕೃ. ಗೋಕಾಕರ ಹೆಸರು ತೆಗೆಯುತ್ತಾರೆ. ಅವರು ಹುಟ್ಟಿದ್ದು ಸವಣೂರಿನಲ್ಲಿ, ನಮ್ಮೂರು ಅವರ ಅಡ್ಡಹೆಸರಿನಲ್ಲಿದೆ. 1982ರ ಕನ್ನಡ ಚಳವಳಿಗೂ ಅದೇ ಹೆಸರು ಬಂದದ್ದರಿಂದ ನಮ್ಮ ಮಕ್ಕಳಲ್ಲಿ ಅನೇಕರು ಆ ಜಗಳ ನಮ್ಮೂರ ಬಸ್‌ಸ್ಟ್ಯಾಂಡಿನಲ್ಲೇ ನಡೆದಿದ್ದು ಅಂದುಕೊಂಡಿದ್ದಾರೆ. ‘ಭಾರತ ಸಿಂಧುರಶ್ಮಿ’ಯ ಗಾತ್ರ ನನ್ನನ್ನು ದೂರದಲ್ಲೇ ನಿಲ್ಲಿಸಿತು. ನನಗೆ ದಕ್ಕಿದ್ದು ‘ಸಮುದ್ರ ಗೀತೆಗಳು’. ಜಲಪಾತದ ಮಗ್ಗುಲಲ್ಲಿ ಬೆಳೆದ, ಸಮುದ್ರವನ್ನೇ ಕಾಣದ ಹುಡುಗಿಗೆ ಅಷ್ಟು ನೀರು ಒಂದೇ ಕಡೆ ನಿಂತು ಅಲೆಯಾಗಿ ಏಳುತ್ತದೆ ಎನ್ನುವುದನ್ನು ನಂಬಿಸಿದ್ದು ಆ ಕವಿತೆಗಳ ಲಯ. ಬೆಟಗೇರಿಯ ಆನಂದಕಂದರ ‘ನಲ್ವಾಡುಗಳು’ ಓದಲಿಕ್ಕೇ ಆಗುವುದಿಲ್ಲ, ಬಾಯಿ ತಾನಾಗಿ ಹಾಡಿಗೆ ತಿರುಗುತ್ತದೆ. ಜಾನಪದ ಹಾಡುಗಳನ್ನು ಊರೂರು ಅಲೆದು ಕೂಡಿಸಿದವರು, ‘ಜಯಂತಿ’ ಪತ್ರಿಕೆ ನಡೆಸಿದವರು. ಅವರ ಪದ್ಯ ಕೇಳಿ ಅವ್ವ, ‘ಇದು ಬರದದ್ದಲ್ಲ ಬಿಡು, ಮೊದಲೇ ಇದ್ದದ್ದು’ ಅಂದಿದ್ದಳು. ಒಬ್ಬ ಕವಿಗೆ ಇದಕ್ಕಿಂತ ದೊಡ್ಡ ಮನ್ನಣೆ ನಾನು ಕೇಳಿಲ್ಲ.

ಅಪ್ಪ ನಿವೃತ್ತನಾದ ಮೇಲೆ ನಾನು ಅವನಿಗೆ ಓದಿ ಹೇಳಿದ ಪುಸ್ತಕಗಳಲ್ಲಿ ವಿಚಿತ್ರವಾದದ್ದು ಮುಂಬೈ ಪ್ರಾಂತದ ಗ್ಯಾಝೆಟಿಯರ್, ಬೆಳಗಾವಿ ಜಿಲ್ಲೆಯ ಸಂಪುಟ. ಅಚ್ಚಾದದ್ದು 1884ರಲ್ಲಿ, ಅಂದರೆ ಗಿರಣಿ ಕಂಪನಿ ಹುಟ್ಟುವ ಹಿಂದಿನ ವರ್ಷ. ಇಂಗ್ಲಿಷ್ ಪುಟ ನೋಡಿ ಅಲ್ಲಲ್ಲೇ ಕನ್ನಡ ಮಾಡಿ ಹೇಳುತ್ತಿದ್ದೆ. ಒಬ್ಬ ಅಧಿಕಾರಿಯ ಒಣ ಬರವಣಿಗೆ. ಬೆಳೆ, ಸಂತೆ, ಜಾತಿ, ಕಂದಾಯ, ದಾರಿ. ನನಗೆ ಬೇಸರವಾಗುತ್ತದೆ ಅಂದುಕೊಂಡಿದ್ದ ಕಡೆಯೇ ಅಪ್ಪ ಕಣ್ಣರಳಿಸಿ ಕೇಳಿದ. ಜಲಪಾತದ ಎತ್ತರ ನೂರೆಪ್ಪತ್ತು ಅಡಿ ಅಂದರೆ, ‘ಬರೋಬ್ಬರಿ’ ಅಂದ. ಆ ತೂಗುಸೇತುವೆಯ ಮೇಲೆ ನಿಂತು ಕೆಳಗೆ ನೋಡಿದವನ ಖಾತ್ರಿ ಅದು. ಅವನನ್ನು ಕಾಡಿದ್ದು ಬೇರೆ. ಗಿರಣಿಯಿಲ್ಲದ ಗೋಕಾಕ ಒಂದಿತ್ತು, ಅಲ್ಲಿ ಬಣ್ಣ ಹಾಕುವವರು, ನೇಯುವವರು, ಕಟ್ಟಿಗೆಯ ಆಟಿಗೆ ಮಾಡುವವರು ಬದುಕು ನಡೆಸಿದ್ದರು ಅನ್ನುವುದು. ಹುಟ್ಟಿದಾಗಿನಿಂದ ಭೋಂಗಾ ಕೇಳಿಯೇ ಎದ್ದವನಿಗೆ ಭೋಂಗಾ ಇಲ್ಲದ ಬೆಳಗು ಹೇಗಿತ್ತು ಎಂಬ ಯೋಚನೆ ಬಂದಿರಲಿಲ್ಲ. ‘ಹಂಗಾರ ಎದ್ದ ಹೊತ್ತಿಗೆ ಎದ್ದಿರತಾರ’ ಎಂದು ಎಷ್ಟೋ ಹೊತ್ತಿನ ಮೇಲೆ ಅಂದ. ಅಂಕಿ-ಅಂಶದ ಪುಸ್ತಕವೂ ಸರಿಯಾದ ಕಿವಿಗೆ ಬಿದ್ದರೆ ಹೀಗೆ ಕೆಲಸ ಮಾಡುತ್ತದೆ.

ಮೂಡಲಗಿ ಆಗ ಇನ್ನೂ ಗೋಕಾಕ ತಾಲೂಕಿನ ಊರು. ಅಲ್ಲಿ ಶಿಕ್ಷಕಿಯಾಗಿ ಸೇರಿದಾಗ ನನಗೆ ಮೊದಲು ಎದುರಾದದ್ದು ಪುಸ್ತಕದ ಮಿತಿ. ಅದನ್ನು ತೋರಿಸಿದ್ದು ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣ ಬರೆದ ಆಟವನ್ನು ಕುಲಗೋಡ ತಮ್ಮಣ್ಣ ನಮ್ಮ ಸೀಮೆಯಲ್ಲಿ ಬೆಳೆಸಿದ. ಕೌಜಲಗಿ ನಿಂಗಮ್ಮ ಅದಕ್ಕೆ ತನ್ನ ಕಂಠ ಕೊಟ್ಟಳು. ಕುಲಗೋಡ, ಕೌಜಲಗಿ ಎರಡೂ ಮೂಡಲಗಿಯ ಮಗ್ಗುಲಲ್ಲೇ ಇವೆ. ಗದಗಿನ ಶಾಬಾದಿಮಠ ಪುಸ್ತಕದಂಗಡಿಯವರು ಇಂಥ ಆಟಗಳನ್ನು ಅಗ್ಗದ ಬೆಲೆಗೆ ಅಚ್ಚು ಮಾಡಿ ಜಾತ್ರೆ ಜಾತ್ರೆಗೂ ಮುಟ್ಟಿಸಿದವರು. ನಾನು ಅಚ್ಚಿನ ಪಾರಿಜಾತ ಕೈಯಲ್ಲಿಟ್ಟುಕೊಂಡೇ ರಾತ್ರಿಯ ಆಟಕ್ಕೆ ಹೋಗಿ ಕೂತೆ. ಹಾಡುಗಳು ಪುಟದಲ್ಲಿದ್ದ ಹಾಗೆಯೇ ಬಂದವು. ಆದರೆ ಹಾಡು ಹಾಡಿನ ನಡುವೆ ಭಾಗವತನೂ ದೂತಿಯೂ ಆಡಿಕೊಂಡ ಮಾತು, ಸತ್ಯಭಾಮೆಯ ಸೆಡವಿಗೆ ಊರಿನ ಗೌಡತಿಯರ ಹೆಸರು ಹೇಳದೆ ಅವರನ್ನೇ ಎಳೆದು ತಂದದ್ದು, ಆ ವರ್ಷದ ಕಬ್ಬಿನ ಬಿಲ್ಲು ಬಾರದ ದುಃಖವನ್ನು ಕೃಷ್ಣನ ತಲೆಗೆ ಕಟ್ಟಿದ್ದು, ಇದ್ಯಾವುದೂ ಪುಸ್ತಕದಲ್ಲಿಲ್ಲ. ಜನ ಬೆಳಗಿನವರೆಗೆ ಕೂತದ್ದು ಆ ಇಲ್ಲದ ಭಾಗಕ್ಕಾಗಿ. ಅಂದಿನಿಂದ ಯಾವ ಪುಸ್ತಕ ಹಿಡಿದರೂ ಇದರ ಮಾತಿನ ಭಾಗ ಎಲ್ಲಿದೆ, ಯಾರ ಬಾಯಲ್ಲಿದೆ ಎಂದು ಹುಡುಕುವುದು ನನಗೆ ಅಭ್ಯಾಸವಾಗಿದೆ.

ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲಿ ಬಂತು. ತರಿಸಿಕೊಂಡು ಕೂತರೆ ಮೊದಲ ಪುಟವೇ ಒಳಗೆ ಬಿಡಲೊಲ್ಲದು. ನಂಜನಗೂಡು ಕಡೆಯ ಆಡುಮಾತು, ಸಾಲುಗಳೂ ಗದ್ಯದಂತೆ ಉದ್ದಕ್ಕೆ ಓಡದೆ ಅಲ್ಲಲ್ಲೇ ಮುರಿದುಕೊಳ್ಳುತ್ತವೆ. ಕನ್ನಡದಲ್ಲಿ ಎಂ.ಎ. ಮಾಡಿದವಳು ಕನ್ನಡದ ಪುಸ್ತಕದೆದುರು ಹೊರಗಿನವಳಾಗಿ ನಿಂತೆ. ಆಗ ನಮ್ಮ ಶಾಲೆಗೆ ಮೈಸೂರು ಸೀಮೆಯಿಂದ ವರ್ಗವಾಗಿ ಬಂದ ಸಹೋದ್ಯೋಗಿಯೊಬ್ಬರಿದ್ದರು. ಅವರು ಮಧ್ಯಾಹ್ನದ ಬಿಡುವಿನಲ್ಲಿ ಪುಸ್ತಕ ಇಸಿದುಕೊಂಡು ಒಂದು ಪುಟ ಓದಿದರು. ಅರ್ಥ ವಿವರಿಸಲಿಲ್ಲ, ಸುಮ್ಮನೆ ಅವರೂರಿನಲ್ಲಿ ಮಾತಾಡುವ ಹಾಗೆ ಓದಿಕೊಂಡು ಹೋದರು. ಎಲ್ಲಿ ಉಸಿರು ನಿಲ್ಲಬೇಕು, ಎಲ್ಲಿ ಒಬ್ಬಳ ಮಾತು ಮುಗಿದು ಇನ್ನೊಬ್ಬಳದು ಹಿಡಿಯುತ್ತದೆ ಅನ್ನುವುದು ಕಿವಿಗೆ ಗೊತ್ತಾದ ಕೂಡಲೇ ಕಣ್ಣಿಗೂ ದಾರಿ ತೆರೆಯಿತು. ದೀಪಗಳ ಜೋತಮ್ಮಂದಿರು ರಾತ್ರಿ ಒಂದೆಡೆ ಕೂಡಿ ತಮ್ಮ ತಮ್ಮ ಮನೆಯ ಸುದ್ದಿ ಹಂಚಿಕೊಳ್ಳುವ ಭಾಗವನ್ನು ಅವರು ಓದಿದಾಗ ನಮ್ಮ ಚಾಳಿನ ಹೊಸ್ತಿಲಲ್ಲಿ ಕೂರುತ್ತಿದ್ದ ಹೆಂಗಸರೆಲ್ಲ ನೆನಪಾದರು. ಅಷ್ಟು ಚಿಕ್ಕ ಪುಸ್ತಕದಲ್ಲಿ ಅಷ್ಟು ನೋವನ್ನು, ಒಂದು ಮಾತೂ ಜಾಸ್ತಿಯಾಗದಂತೆ ಇಟ್ಟಿದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಬದಲಿಗೆ ನಾನು ಅವರಿಗೆ ನಮ್ಮ ಕಡೆಯ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ಓದಿ ಹೇಳಿದೆ. ಅವರಿಗೂ ಅದು ಅಷ್ಟೇ ಬಿಗಿಯಾಗಿ ಮುಚ್ಚಿದ ಬಾಗಿಲಾಗಿತ್ತಂತೆ.

ಅರವಿಂದ ಮಾಲಗತ್ತಿಯವರ ‘ಗೌರ್ನಮೆಂಟ್ ಬ್ರಾಹ್ಮಣ’ದ ಬಗ್ಗೆ ಹೆಚ್ಚು ಹೇಳಲಾರೆ. 1994ರ ಆತ್ಮಕಥನ. ಮುದ್ದೇಬಿಹಾಳದ ಬಾಲ್ಯ, ನಮ್ಮ ಊರುಗಳಿಗೆ ತೀರ ಹತ್ತಿರದ ಭಾಷೆ. ಹೆಣದ ಮೇಲೆ ತೂರಿದ ಚಿಲ್ಲರೆಯನ್ನು ಮಕ್ಕಳು ಆರಿಸುವ ಸಂಗತಿಯನ್ನು ಹತ್ತನೇ ತರಗತಿಯಲ್ಲಿ ಓದುತ್ತಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, ‘ಟೀಚರ್, ಮುಂದಿಂದು ನಾ ಓದತೀನಿ’ ಅಂದ. ಪುಸ್ತಕ ಕೊಟ್ಟೆ. ಅವನು ತಡವರಿಸದೆ ಓದಿದ. ಆ ಪುಟಗಳನ್ನು ನಾನು ಮತ್ತೆ ಯಾವ ತರಗತಿಯಲ್ಲೂ ಸ್ವತಃ ಓದಿಲ್ಲ. ಓದಬೇಕಾದವರು ಯಾರೆಂದು ಪ್ರತಿ ವರ್ಷ ಕಾದು ನೋಡಿದ್ದೇನೆ.

ತೇಜಸ್ವಿಯವರ ‘ಕರ್ವಾಲೊ’ಗೆ ಇಂಥ ಕಾಯುವ ಪ್ರಮೇಯವಿಲ್ಲ. ಎಂಟನೆಯವರ ಮುಂದೆ ಓದಿದರೆ ಶಾಲೆಯ ಗಂಟೆ ಹೊಡೆದರೂ ಏಳುವುದಿಲ್ಲ. ಹಾರುವ ಓತಿಕ್ಯಾತ ಸಿಗುವುದೋ ಇಲ್ಲವೋ ಎಂಬ ಒಂದೇ ಪ್ರಶ್ನೆ. ಮರುದಿನ ಹುಡುಗರು ಜೇಬಿನಲ್ಲಿ ಕಾಯಿಕಡಕ, ಹಲ್ಲಿ, ಏನೇನೋ ಹಿಡಿದು ತಂದದ್ದೂ ಉಂಟು.

ಹುಕ್ಕೇರಿ ಕಡೆಯ ಮನೆಗೆ ಸೊಸೆಯಾಗಿ ಬಂದಾಗ ನನ್ನ ಟ್ರಂಕಿನ ಪುಸ್ತಕಗಳ ಬಗ್ಗೆ ಮಾವನಿಗೆ ಕುತೂಹಲವಿತ್ತು. ಅವರಿಗೆ ಓದಲಿಕ್ಕೆ ಬರುತ್ತಿತ್ತು, ಜೈಮಿನಿ ಭಾರತದ ಹಲವು ಸಂಧಿ ಬಾಯಿಪಾಠವಿತ್ತು. ಕಣ್ಣು ಮಂಜಾದ ಮೇಲೆ ನನ್ನನ್ನು ಕರೆದು ಕೂರಿಸತೊಡಗಿದರು. ಆ ಚಳಿಗಾಲ ನಾನು ದೇಜಗೌ ಅನುವಾದಿಸಿದ ಟಾಲ್‌ಸ್ಟಾಯ್‌ನ ‘ಅನ್ನಾ ಕರೆನಿನಾ’ ಓದುತ್ತಿದ್ದೆ. ರಶಿಯಾದ ರಾಜಕುಮಾರಿಯರ ಹೆಸರುಗಳಿಗೆ ಮಾವ ತಲೆ ಕೆಡಿಸಿಕೊಳ್ಳಲಿಲ್ಲ. ಎಲ್ಲರಿಗೂ ತಾವೇ ಒಂದೊಂದು ಗುರುತು ಇಟ್ಟುಕೊಂಡರು, ‘ರೈಲಿನ ಹೆಣ್ಣಮಗಳು’, ‘ಕುದರಿ ಸರದಾರ’, ‘ಹೊಲದ ಧಣಿ’. ಹೊಲದ ಧಣಿ ಅಂದರೆ ಲೆವಿನ್. ಅವನು ತನ್ನ ಆಳುಗಳ ಜತೆ ಸಾಲು ಹಿಡಿದು ಹುಲ್ಲು ಕೊಯ್ಯುವ ಪ್ರಸಂಗ ಬಂದಾಗ ಮಾವ ಗೋಡೆಯಿಂದ ಬೆನ್ನು ತೆಗೆದು ನೆಟ್ಟಗೆ ಕೂತರು. ಮೊದಲು ಕೈಗೆ ಕಸುವು ಸಾಲದೆ ಒದ್ದಾಡಿ, ಮುಂದಿನವನ ಹೆಜ್ಜೆ ನೋಡಿ ಕಲಿತು, ಆಮೇಲೆ ತಾನು ಕೊಯ್ಯುತ್ತಿದ್ದೇನೆ ಅನ್ನುವುದನ್ನೇ ಮರೆತು ಕುಡುಗೋಲು ತಾನಾಗಿ ನಡೆಯುವ ಗಳಿಗೆ. ‘ನಿಲ್ಲಸು’ ಅಂದರು. ‘ಇದನ್ನ ಬರದಾಂವ ಕೈಯಾಗ ಕುಡಗೋಲ ಹಿಡದಾನ. ಹಿಡೀಲಾರದ ಈ ಮಾತು ಬರೂದುಲ್ಲ.’ ಟಾಲ್‌ಸ್ಟಾಯ್ ಜಮೀನುದಾರನಾಗಿದ್ದೂ ರೈತರ ಜತೆ ಕೊಯ್ಲಿಗೆ ಇಳಿಯುತ್ತಿದ್ದ ಅನ್ನುವುದನ್ನು ನಾನು ಹೇಳುವ ಮೊದಲೇ ಅವರಿಗೆ ಅದು ತಿಳಿದುಹೋಗಿತ್ತು. ಅನ್ನಾಳ ಕೊನೆಯನ್ನು ಓದಿದ ರಾತ್ರಿ ಅವರು ಊಟ ಮಾಡಲಿಲ್ಲ. ಅತ್ತೆ ನನ್ನ ಮೇಲೆ ಸಿಟ್ಟಾದರು.

ಸಂಕೇಶ್ವರದ ಕಡೆ ಮರಾಠಿ ಓದುವವರು ಬಹಳ. ಗಡಹಿಂಗ್ಲಜ ಹತ್ತಿರ, ಕೊಲ್ಹಾಪುರವೂ ದೂರವಲ್ಲ. ಅಲ್ಲಿನ ಗೆಳತಿಯೊಬ್ಬಳೊಂದಿಗೆ ನಾನು ಖಾಂಡೇಕರರ ‘ಯಯಾತಿ’ಯನ್ನು ಎರಡು ಭಾಷೆಯಲ್ಲಿ ಒಟ್ಟಿಗೆ ಓದಿದೆ. ಅವಳು ಮರಾಠಿಯ ಒಂದು ಪುಟ ಓದುವುದು, ವಿ.ಎಂ. ಇನಾಂದಾರರ ಕನ್ನಡದಲ್ಲಿ ನಾನು ಅದೇ ಪುಟವನ್ನು ಹುಡುಕಿ ಓದುವುದು. ಯಯಾತಿ, ದೇವಯಾನಿ, ಶರ್ಮಿಷ್ಠೆ ತಮ್ಮ ತಮ್ಮ ಬಾಯಿಂದಲೇ ಕಥೆ ಹೇಳುವ ಕಾದಂಬರಿಯಾದ್ದರಿಂದ ಓದುವ ದನಿಯೂ ಬದಲಾಗಬೇಕು. ದೇವಯಾನಿಯ ಪಾಲು ಅವಳೇ ಹಿಡಿದಳು, ಎಷ್ಟು ಹೇಳಿದರೂ ಬಿಟ್ಟುಕೊಡಲಿಲ್ಲ. ದೇವಯಾನಿಗೆ ಸೊಕ್ಕು ಎಂದು ನಾನು, ಮೋಸ ಹೋದವಳಿಗೆ ಸೊಕ್ಕೊಂದೇ ಉಳಿಯುವುದು ಎಂದು ಅವಳು. ಯಯಾತಿಯ ಗೋಳು ಇಬ್ಬರಿಗೂ ಉದ್ದವೆನಿಸಿತು. ಮಗನ ಯೌವನ ಕೇಳುವ ತಂದೆಯ ಮೇಲೆ ಆ ಲೇಖಕರು ಇಟ್ಟ ಕರುಣೆ ನನಗೆ ಇನ್ನೂ ಒಪ್ಪಿಗೆಯಾಗಿಲ್ಲ.

ಇನ್ನು ಚಂದ್ರಶೇಖರ ಕಂಬಾರ. ಘೋಡಗೇರಿ ನಮ್ಮ ಹುಕ್ಕೇರಿ ತಾಲೂಕಿನದೇ ಊರು, ಘಟಪ್ರಭೆಯ ದಂಡೆ. ಕಮ್ಮಾರಿಕೆಯ ಮನೆಯ ಹುಡುಗ ಗೋಕಾಕದ ಹೈಸ್ಕೂಲಿಗೆ ಹೋದದ್ದು, ಬಡತನದಿಂದ ಓದು ನಿಂತಾಗ ಸಾವಳಗಿ ಮಠದ ಸ್ವಾಮಿಗಳು ಕೈ ಹಿಡಿದದ್ದು, ಆಮೇಲೆ ಜ್ಞಾನಪೀಠದವರೆಗೆ ಹೋದದ್ದು ಇಲ್ಲಿ ಮನೆಮಾತು. ಅವರ ‘ಕರಿಮಾಯಿ’ಯನ್ನು ಅತ್ತೆ, ನಾದಿನಿ, ಓಣಿಯ ಹೆಂಗಸರ ಮುಂದೆ ಓದಿದೆ. ದೇವಿ ಭೂಮಿಗೆ ಬಂದ ಪುರಾಣದಿಂದ ಕಥೆ ಶುರುವಾದ ಕೂಡಲೇ ಅವರೆಲ್ಲ ಸೆರಗು ಸರಿ ಮಾಡಿಕೊಂಡು ಕೂತರು. ಅದು ಪುರಾಣ ಕೇಳುವ ರೀತಿ, ಕಾದಂಬರಿಯ ರೀತಿಯಲ್ಲ. ಕಂಬಾರರು ಆ ಕಿವಿಗಳಿಗಾಗಿಯೇ ಹಾಗೆ ಶುರು ಮಾಡಿದ್ದಾರೆ ಎಂದು ನನಗೆ ಆಗ ಖಚಿತವಾಯಿತು. ಬೆಳಗಾವಿಯಲ್ಲಿ ಕಲಿತು ಬಂದು ಊರನ್ನು ಉದ್ಧಾರ ಮಾಡಹೊರಟ ಗುಡಸೀಕರ ಬಂದಾಗ ನಕ್ಕರು. ಅಂಥವನು ಪ್ರತಿ ಊರಲ್ಲೂ ಒಬ್ಬನಿದ್ದಾನೆ, ಹೆಸರು ಸಮೇತ ಹೇಳಿ ನಕ್ಕರು. ಅವನು ಚಿಮಣಾಳನ್ನು ಊರಿಗೆ ಕರೆತಂದಾಗ ನಗು ನಿಂತಿತು. ಆಕೆ ಕೆಟ್ಟವಳೋ ಕೆಡಿಸಲ್ಪಟ್ಟವಳೋ ಎಂದು ಎರಡು ಪಕ್ಷಗಳಾದವು. ಶಿವಾಪುರ ಯಾವ ಊರು ಎಂದು ಜಗಳವಾಯಿತು. ಘೋಡಗೇರಿಯೇ ಎಂದವರು ಕೆಲವರು, ಇಲ್ಲ ತಮ್ಮ ತವರೂರು ಎಂದವರು ಹಲವರು. 1975ರಲ್ಲಿ ಬಂದ ಪುಸ್ತಕ, ಪಂಚಾಯಿತಿ ಚುನಾವಣೆ ಬಂದಾಗಲೆಲ್ಲ ನಮ್ಮ ಓಣಿಯಲ್ಲಿ ಅದರ ಮಾತು ಮತ್ತೆ ಏಳುತ್ತದೆ. ಶಾಲೆ ಕಂಡಿರದ ಹೆಂಗಸರು ‘ಗುಡಸೀಕರ ಮತ್ತ ನಿಂತಾನ ಈ ಸಲ’ ಅನ್ನುತ್ತಾರೆ.

2019ರ ಆಗಸ್ಟಿನಲ್ಲಿ ಘಟಪ್ರಭೆ ಲೋಳಸೂರ ಸೇತುವೆ ಮುಳುಗಿಸಿ ಗೋಕಾಕ ಪೇಟೆಯೊಳಗೆ ನುಗ್ಗಿತು. ಅಪ್ಪ ಕಟ್ಟಿಸಿದ್ದ ಚಿಕ್ಕ ಮನೆಯ ಕಿಡಕಿಯವರೆಗೆ ನೀರು. ಅವ್ವನನ್ನು ಮೊದಲೇ ಮಹಡಿಮನೆಯವರಲ್ಲಿಗೆ ಸಾಗಿಸಿದ್ದರು. ನೀರಿಳಿದ ಮೇಲೆ ಹೋಗಿ ನೋಡಿದರೆ ಪುಸ್ತಕಗಳು ಕಪಾಟಿನೊಳಗೇ ಉಬ್ಬಿ, ಕಪಾಟು ಬಿರಿದಿತ್ತು. ಮಾಳಿಗೆಯ ಮೇಲೆ ಹಗ್ಗ ಕಟ್ಟಿ ಒಂದೊಂದಾಗಿ ನೇತುಹಾಕಿದೆ. ಹೊಳಪು ಕಾಗದದ ಹೊಸ ಪುಸ್ತಕಗಳು ಒಂದೇ ಹೆಂಟೆಯಾಗಿ ಅಂಟಿಕೊಂಡು ಬಿಡಿಸಲಿಕ್ಕೇ ಬರಲಿಲ್ಲ. ಹಳೆಯ ಮೊಳೆಯಚ್ಚಿನ ಪುರಾಣಿಕರು, ಕಟ್ಟೀಮನಿ ಬದುಕಿಕೊಂಡರು. ಕಾಗದ ಹಳದಿಯಾಗಿ ಸೊಟ್ಟಗಾದರೂ ಎಣ್ಣೆಮಸಿಯ ಅಕ್ಷರ ಒಂದೂ ಕದಡಿರಲಿಲ್ಲ. ಅಳಿಸಿ ಹೋದದ್ದು ಫೌಂಟನ್ ಪೆನ್ನಿನಲ್ಲಿ ಬರೆದದ್ದು ಮಾತ್ರ. ಅಪ್ಪನ ಸಹಿ, ಕೊಂಡ ತಾರೀಖು, ನಾನು ಅಂಚಿನಲ್ಲಿ ಗೀಚಿದ ಟಿಪ್ಪಣಿಗಳು ನೀಲಿ ಕಲೆಯಾಗಿದ್ದವು. ಅವ್ವ ಮಾಳಿಗೆಗೆ ಹತ್ತಿ ಬಂದು ಒಂದು ಪುಸ್ತಕ ಮುಟ್ಟಿ ನೋಡಿ, ‘ಇದರಾಗಿಂದು ಓದು ನೋಡೂನು, ಬರತೈತೇನ’ ಅಂದಳು. ಓದಿದೆ, ಬರುತ್ತಿತ್ತು.

ಈಗ ಅವ್ವ ನನ್ನ ಜತೆ ಹುಕ್ಕೇರಿಯಲ್ಲಿದ್ದಾಳೆ, ಮಗಳು ಪುಣೆಯಲ್ಲಿ. ಮಗಳಿಗೆ ಕನ್ನಡ ಮಾತು ಸೊಗಸಾಗಿ ಬರುತ್ತದೆ, ಓದು ಸ್ವಲ್ಪ ನಿಧಾನ. ಹಾಗಾಗಿ ರಾತ್ರಿ ಊಟವಾದ ಮೇಲೆ ಫೋನು ಹಚ್ಚಿ ಮಂಚದ ಮೇಲಿಟ್ಟು ಕಂಬಾರರ ‘ಸಿಂಗಾರೆವ್ವ ಮತ್ತು ಅರಮನೆ’ ಓದುತ್ತಿದ್ದೇನೆ. ಅವ್ವ ಈ ಕಡೆ, ಮಗಳು ಆ ಕಡೆ. ಪುರಾಣಿಕರ ಸೊಸೆಯರನ್ನು ಕಂಡ ಅವ್ವನಿಗೆ ಸಿಂಗಾರೆವ್ವ ಹೊಸಬಳು. ಹಾಳು ಬೀಳುತ್ತಿರುವ ವಾಡೆ, ಕೈಲಾಗದ ದೇಸಾಯಿ, ನಡುವೆ ತನ್ನದೊಂದು ಬಾಳು ಬೇಕೆಂದು ಹಟ ಹಿಡಿದ ಹೆಣ್ಣು. ಮೊನ್ನೆ ಮಗಳು ನಡುವೆಯೇ ತಡೆದು, ‘ಆಕಿ ಆ ಅರಮನೆ ಬಿಟ್ಟು ಹೋಗಬೇಕಿತ್ತು’ ಅಂದಳು. ‘ಎಲ್ಲಿಗೆ?’ ಎಂದು ಅವ್ವ. ‘ಎಲ್ಲಿಗರೆ.’ ‘ಎಲ್ಲಿಗರೆ ಅನ್ನೂದು ಊರಲ್ಲ, ಅಲ್ಲಿಗೆ ಬಸ್ಸಿಲ್ಲ.’ ಮಗಳು ಸಿಟ್ಟಾದಳು. ನನಗೆ ಅನ್ನಿಸಿದ್ದು, ಸಿಂಗಾರೆವ್ವ ಉಳಿದದ್ದು ಬೇರೆ ದಾರಿಯಿಲ್ಲದೆ ಅಲ್ಲ, ಆ ಅರಮನೆ ತನಗೆ ಸಲ್ಲಬೇಕು ಅನ್ನುವ ಆಸೆಯಿಂದ. ಆ ಆಸೆಯನ್ನು ಕಂಬಾರರು ತಪ್ಪೆಂದು ತೀರ್ಪು ಕೊಡುವುದಿಲ್ಲ, ಅದಕ್ಕೇ ಅದು ದೊಡ್ಡ ಕಾದಂಬರಿ. ನಾನು ಹಾಗೆ ಹೇಳಿದಾಗ ಇಬ್ಬರೂ ಒಪ್ಪಲಿಲ್ಲ. ಮಗಳು ಪುಣೆಯಲ್ಲಿ ಒಂದು ಪ್ರತಿ ತರಿಸಿಕೊಂಡು ಮುಂದಿನ ಅಧ್ಯಾಯ ತಾನೇ ಓದಿ ಹೇಳುತ್ತಾಳಂತೆ, ಅವ್ವನಿಗೆ ಕೇಳುವಷ್ಟು ಗಟ್ಟಿಯಾಗಿ.